ಡೇಟಿಂಗ್ ನಾಟಕವೂ ಚಂದಗೋಪನೂ

"ಆ ಕೂಸು ಯಾರ ಮನೇದಡ?"

ರಂಗದ ಮೇಲೆ ಹೀರೋ ಮೊಬೈಲಿನಲ್ಲಿ ಹುಡುಗಿಯರ ಫೋಟೋ ಸರಿಸುತ್ತ ಕೂತಿದ್ದ. ಶಿರಸಿಯ ಆ ಸಭಾಭವನದಲ್ಲಿ ನನ್ನ ಹಿಂದೆ ಕೂತ ಹಿರಿಯರಿಬ್ಬರಿಗೆ ಮಾತ್ರ ಅವನ ಡೇಟಿಂಗಿನ ಪಾಡು ಬೇಡ, ನಾಯಕಿ ಪಾತ್ರದ ಹುಡುಗಿಯ ಗೋತ್ರ ಬೇಕು.

"ಯಲ್ಲಾಪುರ ಬದಿದಡ. ಮದ್ವೆ ಆಜಿಲ್ಲೆ ಕಾಣ್ತು."

"ಹಂಗಾರೆ ನಮ್ಮನೆ ಮಾಣಿಗೆ ಕೇಳ್ಲಕ್ಕನ?"

ಇಬ್ಬರ ಬಾಯಿ ತುಂಬ ಎಲೆ-ಅಡಿಕೆಯ ಕವಳ. ಯಾವ ಗಳಿಗೆಯಲ್ಲಿ ನನ್ನ ಸೀರೆಗೆ ಕೆಂಪು ಚುಕ್ಕೆ ಬೀಳುತ್ತದೋ ಎಂದು ನಾನು ಮುಂದಕ್ಕೆ ಬಾಗಿಯೇ ಅರ್ಧ ನಾಟಕ ನೋಡಿದೆ.

ಅವರನ್ನು ಬಯ್ಯುವಂತೆಯೂ ಇಲ್ಲ. ನಮ್ಮ ಕಡೆ ಅಡಿಕೆ ತೋಟವಿರುವ ಮಾಣಿಗಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಓದಿದ ಕೂಸುಗಳು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಆದರೆ ನಾಯಕಿ, "ನಿನ್ನ ಸಂಬಳ ಎಷ್ಟು? ಅಡುಗೆ ಬರ್ತದಾ?" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತಲ್ಲ, ಆಗ ಮಾತ್ರ ನನಗೆ ರೇಗಿತು. ಹಾಡು ಬರ್ತದಾ, ಹಾಲು ಕರೆಯಲು ಬರ್ತದಾ ಎಂದು ಹುಡುಗನ ಕಡೆಯವರು ಕವಳದ ಬಟ್ಟಲು ಮುಂದಿಟ್ಟುಕೊಂಡು ಕೇಳುತ್ತಿದ್ದಾಗ ಯಾರೂ ನಕ್ಕಿದ್ದು ನನಗೆ ನೆನಪಿಲ್ಲ.

ಇನ್ನು ಹೀರೋ ಹಳೇ ಫೋಟೋ ಹಾಕಿ ಹುಡುಗಿಯನ್ನು ಯಾಮಾರಿಸುವ ಪ್ರಸಂಗ. ಅದನ್ನೇ ಏನೋ ಹೊಸಗಾಲದ ಕಂಡುಹಿಡಿತವೆಂಬಂತೆ ಆಡಿದರು. ಯಕ್ಷಗಾನದ 'ಚಂದ್ರಾವಳಿ ವಿಲಾಸ' ಪ್ರಸಂಗ ನೋಡಿದ ಊರಿಗೆ ಇದೆಲ್ಲ ಯಾವ ಲೆಕ್ಕ? ಅಲ್ಲಿ ಕೃಷ್ಣ ಫೋಟೋ ಬದಲಿಸುವುದಿಲ್ಲ, ಆಳನ್ನೇ ಬದಲಿಸುತ್ತಾನೆ. ರಾಧೆಯ ವೇಷ ಹಾಕಿ ಸೀದಾ ಚಂದ್ರಾವಳಿಯ ಮನೆಗೇ ಬರುತ್ತಾನೆ. ಗಂಡ ಚಂದಗೋಪ ಹಾಸ್ಯಗಾರನ ಪಾಲು. ಚಿಕ್ಕವಳಿದ್ದಾಗ ಗದ್ದೆಬಯಲಿನ ಆಟದಲ್ಲಿ ಕಂಡ ಚಂದಗೋಪ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ: ಮೋಟು ಪಂಚೆ, ಸೊಂಟಕ್ಕೆ ಸಿಕ್ಕಿಸಿದ ಕವಳದ ಸಂಚಿ, ಮಾತಿಗೊಮ್ಮೆ ಸಂಚಿ ತಡಕುವುದು. ಬಂದ 'ರಾಧೆ'ಯ ಕ್ಷೇಮ ಅವನು ಅರ್ಧ ಗಂಟೆ ವಿಚಾರಿಸಿದ. ಊರಿನ ಮಳೆ, ಎಮ್ಮೆಯ ಹಾಲು, ಅಡಿಕೆ ಕೊಳೆರೋಗ. ಗೋಕುಲದಲ್ಲಿ ಅಡಿಕೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಭಾಗವತರು ನಗು ತಡೆಯಲಾರದೆ ತಾಳ ಕೆಳಗಿಟ್ಟರು. ಚಂದ್ರಾವಳಿಯ ವೇಷದಲ್ಲಿದ್ದವನೂ ಗಂಡಸೇ, ರಾಧೆಯಾದ ಕೃಷ್ಣನೂ ಗಂಡಸೇ. ಇಬ್ಬರು ಸೆರಗು ಸರಿಮಾಡಿಕೊಳ್ಳುತ್ತ ಗುಟ್ಟು ಮಾತಾಡುತ್ತಿದ್ದರೆ, ಮುಂದಿನ ಚಾಪೆಯಲ್ಲಿದ್ದ ಹೆಂಗಸರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಮೋಸಹೋದ ಗಂಡನನ್ನು ಕಂಡು ಅಷ್ಟು ಖುಷಿ ಯಾಕಿತ್ತೋ, ಮನೆಗೆ ಬಂದಮೇಲೆ ಆಯಿಯೂ ಹೇಳಲಿಲ್ಲ.

ಇಲ್ಲಿಂದ ಗಂಡು ಹೆಣ್ಣಿನ ಸಂಬಂಧದ ಬಗ್ಗೆ ಒಂದು ದೊಡ್ಡ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಾಟಕದವರು ಅವಸರದಲ್ಲಿ ಇಬ್ಬರಿಗೂ ಹಾರ ಹಾಕಿಸಿ ಮದುವೆ ಮಾಡಿ ಮುಗಿಸಿದರು, ವಂದನಾರ್ಪಣೆ ಶುರುವಾಯಿತು. ಮೈಕಿನವರು, ಖುರ್ಚಿಯವರು, ಚಹಾದವರು, ಚಹಾಕ್ಕೆ ಹಾಲು ಕೊಟ್ಟವರು. ಎಲ್ಲರಿಗೂ ಸ್ಮರಣಿಕೆ. ಮದುವೆಗಿಂತ ಇದೇ ಉದ್ದವಾಯಿತು. ನನ್ನ ಊರಿನ ಕೊನೇ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.