ಬ್ರೂನೋಗೆ ಗೇಟು, ಕರಿಯನಿಗೆ ಕಾಡು

ದಾವಣಗೆರೆಯ ಬೇಸಿಗೆ ಗೊತ್ತಲ್ಲ, ಮಂಡಕ್ಕಿ ಭಟ್ಟಿ ಮುಂದೆ ಕೂತ ಹಾಗೆ. ಇಂಥ ಊರಲ್ಲಿ ಸೈಬೀರಿಯಾದ ಹಸ್ಕಿ ನಾಯಿ ಸಾಕುವುದು ಈಗಿನ ದೊಡ್ಡಸ್ತಿಕೆ. ನಮ್ಮ ಬಡಾವಣೆಯಲ್ಲೂ ಒಂದಿದೆ. ಹೆಸರು ಬ್ರೂನೋ. ಮಲಗಲು ಎಸಿ ರೂಮು, ಹುಟ್ಟುಹಬ್ಬಕ್ಕೆ ಕೇಕು. ಆ ಮನೆಯವರು ತಮ್ಮತಮ್ಮಲ್ಲಿ ಕನ್ನಡದಲ್ಲೇ ಜಗಳ ಆಡುತ್ತಾರೆ, ನಾಯಿ ಜೊತೆ ಮಾತ್ರ ಇಂಗ್ಲಿಷು. ಯಜಮಾನರ ಸ್ವಂತ ಹೆಸರು ಎಲ್ಲರಿಗೂ ಮರೆತೇ ಹೋಗಿದೆ. ಅವರೀಗ 'ಬ್ರೂನೋ ಪಪ್ಪಾ'.

ಪಪ್ಪಾಗೆ ಮಗನಿಗೆ ಕಾಡು ತೋರಿಸುವ ಆಸೆ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ನಮ್ಮ ಕಡೆ ಇಲ್ಲ. ಬಂಡೀಪುರ ದೂರ. ಸರಿ, ಹತ್ತಿರದ ಜಗಳೂರಿನ ರಂಗಯ್ಯನದುರ್ಗ ವನ್ಯಜೀವಿಧಾಮಕ್ಕೆ ಕಾರು ಹೊರಟಿತು. ಸುಮ್ನೆ ಮನೇಲಿದ್ದ ನನ್ನನ್ನೂ ಹತ್ತಿಸಿಕೊಂಡರು.

"ನಾಯಿ ಬಿಡಂಗಿಲ್ಲ ಸಾರ್" ಅಂದ ಗೇಟಿನ ಗಾರ್ಡ್.

ಪಪ್ಪಾ ಫೈಲು ತೆಗೆದರು. ರೇಬೀಸ್, ಡಿಸ್ಟೆಂಪರ್, ಪಾರ್ವೋ, ಜಂತುಹುಳದ ಮಾತ್ರೆ. ಪ್ರತಿಯೊಂದಕ್ಕೂ ತಾರೀಖು, ಸೀಲು, ಸಹಿ. ನನ್ನ ಮಕ್ಕಳ ಲಸಿಕೆ ಕಾರ್ಡೂ ಇಷ್ಟು ನೀಟಾಗಿಲ್ಲ. ಗಾರ್ಡ್ ಅದನ್ನು ಓದುತ್ತಿದ್ದಾಗಲೇ ಪಕ್ಕದ ಹಳ್ಳಿಯ ಕರಿಯ ಬಂದ. ಒಂದು ಕಿವಿ ಹರಿದಿದೆ, ಬೆನ್ನ ಮೇಲೆ ಕಜ್ಜಿ. ಹಿಂಗಾಲು ಎತ್ತಿ ಗೇಟಿನ ಕಂಬಕ್ಕೆ ತನ್ನ ರುಜು ಹಾಕಿದ, ಅಡ್ಡಗಂಬಿ ಕೆಳಗೆ ನುಸುಳಿ ಒಳಗೆ ಹೋದ. ಹಿಂದೆಯೇ ಅವನ ಪಟಾಲಂ.

"ಮತ್ತೆ ಅವು?" ಪಪ್ಪಾ ಕೇಳಿದರು.

"ಅವಕ್ಕೆ ಯಾರೂ ಓನರ್ ಇಲ್ಲ ಸಾರ್. ಯಾರಿಗಂತ ಹೇಳ್ಲಿ?"

ನಾಯಿ ಬೇಡ ಅನ್ನುವುದೇನೋ ಸರಿಯೇ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಕೆಲವಕ್ಕೆ ತಗುಲಿದ್ದು ಡಿಸ್ಟೆಂಪರ್, ಅಂದರೆ ನಾಯಿಗಳಿಗೆ ಬರುವ ರೋಗ. ಚಿರತೆಗೂ ನಾಯಿ ಅಂದ್ರೆ ಪ್ರಾಣ. ಕೇಕು ತಿಂದು ಬೆಳೆದ ಬ್ರೂನೋ ಅಂತೂ ಹಬ್ಬದೂಟ. ಇನ್ನು ಈ ರಂಗಯ್ಯನದುರ್ಗ. 2011ರಲ್ಲಿ ಅದನ್ನು ವನ್ಯಜೀವಿಧಾಮ ಮಾಡಿದ್ದೇ ಕೊಂಡುಕುರಿ ಅನ್ನುವ ಪುಟ್ಟ ಹುಲ್ಲೆಗೋಸ್ಕರ. ಪಾಪ, ಗಂಡು ಕೊಂಡುಕುರಿಗೆ ನಾಲ್ಕು ಕೊಂಬಿದ್ದರೂ ನಾಯಿಗಳು ಹಿಂಡುಗಟ್ಟಿ ಬಂದರೆ ಯಾವ ಕೊಂಬೂ ಕೆಲಸಕ್ಕೆ ಬರಲ್ಲ.

ಹಾಗಾದರೆ ಆ ಹಿಂಡಿಗೆ ಲಸಿಕೆಯಾದರೂ ಬೇಡವೇ? ಅದಕ್ಕೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಒಂದು ಸೆಕ್ಷನ್ ಇದೆ, 33ಎ. ವನ್ಯಜೀವಿಧಾಮದ ಒಳಗೆ ಮತ್ತು ಸುತ್ತಲಿನ 5 ಕಿಲೋಮೀಟರಿನಲ್ಲಿರುವ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು, ಲಸಿಕೆ ಆಗದ ಜಾನುವಾರನ್ನು ಒಳಗೆ ಮೇಯಲು ಬಿಡಬಾರದು. ಭೇಷ್. ಜಾನುವಾರು ಅಂದರೆ ಯಾರ್ಯಾರು? ಕಾಯ್ದೆಯೇ ಹೆಸರು ಹಿಡಿದು ಹೇಳಿದೆ: ಎಮ್ಮೆ, ಎತ್ತು, ಒಂಟೆ, ಕತ್ತೆ, ಕುದುರೆ, ಹಂದಿ, ಬಾತುಕೋಳಿ, ಕೊನೆಗೆ ಹಿಮಾಲಯದ ಉದ್ದ ಕೂದಲಿನ ದನ ಯಾಕ್ ಕೂಡ. ನಾಯಿಯ ಹೆಸರು ಮಾತ್ರ ಇಲ್ಲ. ನಾಳೆ ಯಾವುದಾದರೂ ಯಾಕ್ ದಾರಿ ತಪ್ಪಿ ಜಗಳೂರಿಗೆ ಬಂದರೆ ಅದಕ್ಕೆ ಸೂಜಿ ಚುಚ್ಚಲು ಕಾನೂನು ತಯಾರಿದೆ. ಅಲ್ಲೇ ಹುಟ್ಟಿ ಬೆಳೆದ ಕರಿಯ ಯಾವ ಲೆಕ್ಕದಲ್ಲೂ ಇಲ್ಲ.

ನಾವು ಕಾರು ತಿರುಗಿಸುವಾಗ ಗಾರ್ಡ್ ಹತ್ತಿರ ಬಂದ. ಒಳ್ಳೆ ಮನುಷ್ಯ. "ಒಂದ್ ಕೆಲ್ಸ ಮಾಡ್ರಿ ಸಾರ್. ಚೈನ್ ಬಿಚ್ಚಿ, ನಂದಲ್ಲ ಅಂದ್ಬಿಡ್ರಿ. ಆಮೇಲೆ ಅದುಂಟು, ಕಾಡುಂಟು."

ಹೆತ್ತ ಮಗನನ್ನೇ ಬೀದಿಗೆ ಬಿಡಿ ಅಂದ ಹಾಗಾಯಿತು ಪಪ್ಪಾಗೆ. ದಾರಿಯುದ್ದಕ್ಕೂ ಮಾತಿಲ್ಲ. ದಾವಣಗೆರೆ ಹತ್ತಿರ ಬಂದಾಗ ತಟ್ಟನೆ ಕೇಳಿದರು, "ನಮ್ಮ ಕಡೆ ಯಾರಾದ್ರೂ ಯಾಕ್ ನೋಡಿದ್ದಾರಾ?"

ಇಲ್ಲ ಅಂದೆ.

ಈಗ ಅವರು ಬ್ರೂನೋನನ್ನು ಯಾಕ್ ಅಂತ ಬರೆದುಕೊಡುವ ಪಶುವೈದ್ಯರನ್ನು ಹುಡುಕುತ್ತಿದ್ದಾರೆ. ಮೈತುಂಬ ಕೂದಲಿದೆ, ಚಳಿ ದೇಶದ್ದು, ಲಸಿಕೆ ಎಲ್ಲ ಆಗಿದೆ. ಹೊಟ್ಟೆ ಕೆಟ್ಟಾಗ ಹುಲ್ಲೂ ಮೇಯುತ್ತದಂತೆ.