ಮಿರ್ಚಿಯ ಪರವಾಗಿ ಒಂದು ವಕಾಲತ್ತು

ನಮ್ಮ ಕೊಪ್ಪಳದ ಕಡೆ ಯಾರ ಹೊಟ್ಟೆಗೆ ಏನೇ ಆಗಲಿ, ಮೊದಲ ಕೇಸು ಬೀಳುವುದು ಮಿರ್ಚಿಯ ಮೇಲೆ, ಅಂದರೆ ಮೆಣಸಿನಕಾಯಿ ಭಜಿಯ ಮೇಲೆ. ಎದೆ ಉರಿದರೆ ಮಿರ್ಚಿ, ಹೊಟ್ಟೆ ಉಬ್ಬರಿಸಿದರೆ ಮಿರ್ಚಿ. ಎರಡು ದಿನ ಸಂಡಾಸ ಆಗದಿದ್ದರೂ ಮಿರ್ಚಿ, ಒಂದೇ ದಿನ ಹತ್ತು ಸಲ ಆದರೂ ಮಿರ್ಚಿ. "ನಿನ್ನಿ ಸಂಜಿಮುಂದ ಬಸ್‌ಸ್ಟ್ಯಾಂಡಿನ್ಯಾಗ ನಾಕ್ ಮಿರ್ಚಿ ತಿಂದಿದ್ದೆ ನೋಡ್ರಿ" ಎಂದು ರೋಗಿಯೇ ದವಾಖಾನೆಯ ಬಾಗಿಲಲ್ಲಿ ಸಾಕ್ಷಿ ಹೇಳಿಬಿಡುತ್ತಾನೆ. ಅಲ್ಲಿಗೆ ತನಿಖೆ ಮುಗಿಯಿತು. ಮಿರ್ಚಿಯ ಜೊತೆಗೆ ಅವನು ಕುಡಿದ ಮೂರು ಕಪ್ಪು ಚಾ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದ ಸೊಂಟನೋವಿನ ಗುಳಿಗೆ, ರಾತ್ರಿ ಹತ್ತೂವರೆಗೆ ಉಂಡು ಹತ್ತೂಮುಕ್ಕಾಲಿಗೆ ಉರುಳಿಕೊಂಡದ್ದು, ಇವೆಲ್ಲ ಆರಾಮಾಗಿ ಊರಲ್ಲಿ ಓಡಾಡಿಕೊಂಡಿರುತ್ತವೆ.

ನಾನು ಡಾಕ್ಟರ್ ಅಲ್ಲ. ಮಿರ್ಚಿ ತಿನ್ನುವವರ ವಂಶದವನು. ಹಾಗಾಗಿ ನನ್ನ ವಾದದಲ್ಲಿ ಪಕ್ಷಪಾತ ಇದ್ದೇ ಇರುತ್ತದೆ, ಓದುವವರು ಅಷ್ಟು ಕಳೆದುಕೊಂಡೇ ಓದಬೇಕು.

ಮೊದಲು ಆರೋಪಿಯನ್ನು ಹತ್ತಿರದಿಂದ ನೋಡೋಣ. ಬಂಡಿಯವನು ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಒಳಗೆ ಅಜವಾನ ಮತ್ತು ಉಪ್ಪು ಸವರುತ್ತಾನೆ. ತೊಟ್ಟು ಹಿಡಿದು ಕಡಲೆಹಿಟ್ಟಿನಲ್ಲಿ ಮುಳುಗಿಸುತ್ತಾನೆ. ಮೇಲೆತ್ತುವಾಗ ಅದರ ಒಂದು ಮಗ್ಗುಲನ್ನು ಪಾತ್ರೆಯ ಅಂಚಿಗೆ ಎಳೆದು ಹಿಟ್ಟು ಒರೆಸಿಬಿಡುತ್ತಾನೆ. ಆ ಒಂದು ಕಡೆ ಮಾತ್ರ ಕಾಯಿಯ ಹಸಿರು ಕಾಣುತ್ತಿರಬೇಕು, ಇಲ್ಲದಿದ್ದರೆ ಒಳಗಿನ ಕಾಯಿ ಬೇಯದೆ ಕಚಕ್ಕೆನ್ನುತ್ತದೆ. ಕಾದ ಎಣ್ಣೆಗೆ ಜಾರಿದ್ದೇ ಮುಳುಗಿ, ಬುಸ್ಸೆಂದು ನೊರೆ ಎಬ್ಬಿಸಿ, ಮೇಲೆ ಬಂದು ತೇಲುತ್ತದೆ. ಪೇಪರಿನ ಮೇಲೆ ಬಿಸಿ ಒಗ್ಗರಣಿ, ಅಂದರೆ ಒಗ್ಗರಿಸಿದ ಮಂಡಕ್ಕಿ, ಅದರ ಮಗ್ಗುಲಿಗೆ ಎರಡು ಮಿರ್ಚಿ. ಕೊಪ್ಪಳದಲ್ಲಿ ಬೆಳಗಾಗುವುದು ಹೀಗೆ. ಪುಷ್ಯ ಮಾಸದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತದೆ, ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಆರೋಪಿಗೆ ಇಷ್ಟು ಜನಬೆಂಬಲ ಇರುವ ಕೇಸು ಬೇರೊಂದಿರಲಾರದು.

ಈಗ ಖಾರದ ವಿಚಾರ. ಷಡ್ರಸದಲ್ಲಿ ಖಾರಕ್ಕೆ ಜಾಗ ಕೊಟ್ಟವರು ನಮ್ಮ ಹಿರಿಯರು, ಶರೀರಶಾಸ್ತ್ರದವರು ಕೊಡುವುದಿಲ್ಲ. ಅವರ ಲೆಕ್ಕದಲ್ಲಿ ಖಾರ ರುಚಿಯೇ ಅಲ್ಲ, ನೋವಿನ ಜಾತಿಯದು. ಮೆಣಸಿನಕಾಯಿಯ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ಇದೆ. ಖಾರವೆಲ್ಲ ಅದರದು, ಬೀಜಕ್ಕೆ ಬರುವುದು ಬರೀ ಸಹವಾಸದೋಷ. ನಾಲಿಗೆಯ ನರತುದಿಗಳಲ್ಲಿ ಬಿಸಿಯನ್ನು ಕಾವಲು ಕಾಯುವ ಸಣ್ಣ ಕದಗಳಿವೆ, ಟಿಆರ್‌ಪಿವಿ1 ಎಂದು ಹೆಸರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಇವು ತೆರೆದುಕೊಂಡು "ಸುಡುತ್ತಿದೆ" ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ರಾಯಚೂರಿನವರಿಗೆ ಮೇ ತಿಂಗಳಲ್ಲಿ ಈ ಅಂಕಿಯನ್ನು ವಿವರಿಸಿ ಹೇಳಬೇಕಿಲ್ಲ. ಕ್ಯಾಪ್ಸೈಸಿನ್ ಮಾಡುವುದೇನೆಂದರೆ, ಬಿಸಿಯೇ ಇಲ್ಲದಾಗಲೂ ಹೋಗಿ ಅದೇ ಕದ ತೆಗೆಯುತ್ತದೆ. 1997ರಲ್ಲಿ ಈ ಕದವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಬಾಯಿ ನಿಜಕ್ಕೂ ಸುಟ್ಟಿರುವುದಿಲ್ಲ. ಸುಟ್ಟಿತೆಂಬ ಸುಳ್ಳು ಸುದ್ದಿಗೆ ಕಣ್ಣು, ಮೂಗು, ನೆತ್ತಿಯ ಬೆವರು ಎಲ್ಲ ಸೇರಿ ಗಾಬರಿಯಾಗುತ್ತವೆ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಹಾಗಾಗಿ ಚೊಂಬುಗಟ್ಟಲೆ ನೀರು ಕುಡಿದರೂ ಅಷ್ಟಕ್ಕಷ್ಟೇ. ಹಾಲು ಮೊಸರಿನ ಪ್ರೋಟೀನು ಅದನ್ನು ಹಿಡಿದು ಎಳೆದೊಯ್ಯುತ್ತದೆ. ರೊಟ್ಟಿ, ಕೆಂಪು ಖಾರದ ಪಕ್ಕಕ್ಕೆ ಗಟ್ಟಿ ಮೊಸರು ಬಡಿಸುವ ಪದ್ಧತಿ ಯಾವ ನೊಬೆಲ್ಲಿಗೂ ಕಾಯಲಿಲ್ಲ.

ಈ ಕದಗಳು ನಾಲಿಗೆಯಲ್ಲಿ ಮಾತ್ರ ಇಲ್ಲ, ಅನ್ನ ಹೋಗುವ ದಾರಿಯುದ್ದಕ್ಕೂ, ಕಟ್ಟಕಡೆಯ ಬಾಗಿಲಿನವರೆಗೂ ಇವೆ. ಮರುದಿನ ಬೆಳಿಗ್ಗೆಯ ಅನುಭವವನ್ನು ನಾನು ಬರೆಯುವ ಅಗತ್ಯವಿಲ್ಲ.

ಇಷ್ಟಾದರೂ ಖಾರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆಂಬ ಆರೋಪ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಬಹಳ ಕಾಲ ಡಾಕ್ಟರುಗಳೂ ಹಾಗೆಯೇ ನಂಬಿದ್ದರು: ಖಾರ, ಚಿಂತೆ, ಹೆಚ್ಚಾದ ಆಮ್ಲ, ಇವೇ ಅಲ್ಸರಿಗೆ ಮೂಲ ಎಂದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬಿಬ್ಬರು ಮಾತ್ರ, ಇದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕೆಲಸ ಎಂದರು. ಜಠರದ ಆ ಪರಿಯ ಹುಳಿಯಲ್ಲಿ ಬ್ಯಾಕ್ಟೀರಿಯಾ ಬದುಕೀತೇ ಎಂದು ಉಳಿದವರು ನಕ್ಕರು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾನೇ ಕುಡಿದುಬಿಟ್ಟ. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ನಳಿಗೆ ಇಳಿಸಿ ನೋಡಿದರೆ ಜಠರ ಉರಿದು ಬಾತುಕೊಂಡಿತ್ತು. ಮನೆಯಲ್ಲಿ ಕೇಳದೆ ಇಂಥದ್ದನ್ನೆಲ್ಲ ಕುಡಿಯುವ ಗಂಡಸರು ಎಲ್ಲ ದೇಶದಲ್ಲೂ ಇದ್ದಾರೆ, ಈತನಿಗೆ 2005ರಲ್ಲಿ ವಾರನ್ ಜೊತೆಗೆ ನೊಬೆಲ್ ಸಿಕ್ಕಿತು ಎಂಬುದಷ್ಟೇ ಬೇರೆ. ಈಗ ಆ ಅಲ್ಸರನ್ನು ಆ್ಯಂಟಿಬಯೊಟಿಕ್ ಕೊಟ್ಟು ವಾಸಿ ಮಾಡುತ್ತಾರೆ. ಮಿರ್ಚಿಯ ಬಿಡುಗಡೆ ಆದೇಶ ಬಂದು ಇಷ್ಟು ವರ್ಷವಾದರೂ ನಮ್ಮ ಊರಿಗೆ ಅದರ ನಕಲು ಮುಟ್ಟಿಲ್ಲ. ಹಾಗಂತ ಮೊದಲೇ ಹುಣ್ಣಾದವರು, ಹುಳಿತೇಗಿನವರು ಖಾರ ತಿಂದರೆ ಉರಿ ಹೆಚ್ಚುತ್ತದೆ, ಅದು ಸುಳ್ಳಲ್ಲ. ಆದರೆ ಗಾಯ ಮಾಡಿದವನು ಬೇರೆ, ಗಾಯದ ಮೇಲೆ ಕೈಯಿಟ್ಟವನು ಬೇರೆ.

ಗಾಯ ಮಾಡುವ ಇನ್ನೊಬ್ಬ ನಮ್ಮ ಕಣ್ಣೆದುರಿಗೇ ಇದ್ದಾನೆ. ಗಂಗಾವತಿ ಕಡೆ ಭತ್ತದ ನಾಟಿಯ ದಿನಗಳಲ್ಲಿ ನೋಡಬೇಕು. ಬೆಳಗಿನಿಂದ ಸಂಜೆತನಕ ಕೆಸರಿನಲ್ಲಿ ನಿಂತು ಬಾಗಿದ ಹೆಣ್ಣುಮಕ್ಕಳು ಸಂಜೆ ಮೆಡಿಕಲ್ ಶಾಪಿಗೆ ಬಂದು "ಯಣ್ಣಾ, ಮೈಕೈ ನೋವಿಂದು ಎರಡು ಗುಳಿಗಿ ಕೊಡು" ಎನ್ನುತ್ತಾರೆ. ಚೀಟಿ ಇಲ್ಲ, ಹೆಸರಿಲ್ಲ, ಕಾಗದದ ಪೊಟ್ಟಣದಲ್ಲಿ ಎರಡು ಗುಳಿಗೆ. ಮರುದಿನ ಬರೀ ಚಾದ ಜೊತೆಗೆ ಅದು ಒಳಗೆ ಹೋಗುತ್ತದೆ. ಜಠರದಲ್ಲಿ ಊರುವುದು ಹೈಡ್ರೋಕ್ಲೋರಿಕ್ ಆಮ್ಲ. ಮಾಂಸವನ್ನು ಕರಗಿಸುವ ಈ ಆಮ್ಲ ಜಠರವನ್ನೇ ಕರಗಿಸದೆ ಬಿಟ್ಟಿರುವುದು ಒಳಗೋಡೆಗೆ ಬಳಿದುಕೊಂಡಿರುವ ಲೋಳೆಯಿಂದ. ಆ ಲೋಳೆ ಊರುತ್ತಿರಲು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಗುಳಿಗೆಗಳು ನೋವು ಇಳಿಸುವುದೇ ಈ ರಾಸಾಯನಿಕವನ್ನು ತಡೆದು. ನೋವೂ ಹೋಗುತ್ತದೆ, ಲೋಳೆಯೂ ತೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದು ಒಂದು ದಿನ ಹೊಟ್ಟೆ ಹಿಡಿದುಕೊಂಡು ಕೂತಾಗ ಮನೆಯವರು ಹೇಳುವ ಮಾತು: "ಖಾರ ಕಡಿಮಿ ಮಾಡಬೇ ಅಂದ್ರ ಕೇಳೂದಿಲ್ಲ." ಸಂಡಾಸ ಕಪ್ಪಗೆ, ಜಿಗುಟಾಗಿ ಬರತೊಡಗಿದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ಮಜ್ಜಿಗೆ, ಜೀರಿಗೆ ಎನ್ನುತ್ತ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಓಡಬೇಕು.

ವಾಂತಿ-ಭೇದಿಯ ಕೇಸಿನಲ್ಲಂತೂ ಮಿರ್ಚಿಗೆ ಜಾಮೀನಿನ ಅಗತ್ಯವೂ ಇಲ್ಲ. ಕಾದ ಎಣ್ಣೆಯಿಂದ ಆಗತಾನೆ ಎದ್ದುಬಂದದ್ದರಲ್ಲಿ ಯಾವ ಕ್ರಿಮಿ ಉಳಿದೀತು? ಸಂಶಯ ಪಡಬೇಕಾದದ್ದು ಬೆಳಿಗ್ಗೆಯೇ ಹೆಚ್ಚಿಟ್ಟ ಉಳ್ಳಾಗಡ್ಡಿಯನ್ನು, ಚಟ್ನಿಗೆ ಬೆರೆಸಿದ ನೀರನ್ನು, ನೋಟು ಎಣಿಸಿದ ಕೈಯನ್ನು. ಭೇದಿ ಹತ್ತಿದವರಿಗೆ ಊಟ-ನೀರು ಬಂದ್ ಮಾಡುವ ಹಿರಿಯರು ಈಗಲೂ ಇದ್ದಾರೆ. ಬೇಕಾದದ್ದು ಅದರ ಉಲ್ಟಾ. ಕರುಳು ಎಷ್ಟೇ ಕೆಟ್ಟಿರಲಿ, ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಬಂದರೆ ಅವನ್ನು ಒಳಗೆ ಕರೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಒಳಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಎದ್ದಾಗ ದಿಲೀಪ್ ಮಹಾಲನಬಿಸ್ ಎಂಬ ಡಾಕ್ಟರು ಬನಗಾಂವ್‌ನಲ್ಲಿ ಇದೇ ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಶುದ್ಧ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಗ್ಯಾಸು. ನಮ್ಮಲ್ಲಿ ತಲೆನೋವಿಗೂ ಗ್ಯಾಸು, ಬೆನ್ನುಚಳುಕಿಗೂ ಗ್ಯಾಸು. "ಗ್ಯಾಸ್ ತಲಿಗೇರೈತ್ರಿ" ಎನ್ನುವವರಿಗೆ ಲೆಕ್ಕವೇ ಇಲ್ಲ. ಹೊಟ್ಟೆಯ ಗಾಳಿಗೆ ಹೊರಬರಲು ಇರುವ ಹೆದ್ದಾರಿಗಳು ಎರಡೇ, ತಲೆಯ ಕಡೆಯ ಬೈಪಾಸನ್ನು ಮಂಜೂರು ಮಾಡಿಕೊಂಡವರು ನಾವು ಮಾತ್ರ. ಮೇಲಿನ ದಾರಿಯಲ್ಲಿ ಬರುವುದು ಹೆಚ್ಚಾಗಿ ಗಡಬಡಿಸಿ ಉಣ್ಣುವಾಗ ನುಂಗಿದ ಗಾಳಿ, ಸೋಡಾದ ಗಾಳಿ. ಕೆಳಗಿನದಕ್ಕೆ ಕಾರಣ ದೊಡ್ಡ ಕರುಳಿನ ಬ್ಯಾಕ್ಟೀರಿಯಾ. ಕಡಲೆ, ಅಲಸಂದಿಯಂಥ ಕಾಳುಗಳಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಸಣ್ಣ ಕರುಳಿನ ಸುಮಾರು ಆರು ಮೀಟರ್ ದಾರಿಯನ್ನು ಅವು ಹಾಗೆಯೇ ದಾಟಿ ಮುಂದೆ ಹೋಗುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಇಲ್ಲಿ ಮಿರ್ಚಿಯ ತಪ್ಪು ಸ್ವಲ್ಪ ಇದೆಯೆಂದು ಒಪ್ಪಿಕೊಳ್ಳಬೇಕು, ಅದೂ ಒಳಗಿನ ಕಾಯಿಯದಲ್ಲ, ಮೇಲಿನ ಕಡಲೆಹಿಟ್ಟಿನ ಅಂಗಿಯದು. ಅಂಗಿ ಹೀರಿಕೊಂಡ ಎಣ್ಣೆಯದೂ ಹೌದು. ಜಿಡ್ಡು ಜಾಸ್ತಿಯಾದಷ್ಟೂ ಜಠರ ನಿಧಾನವಾಗಿ ಖಾಲಿಯಾಗುತ್ತದೆ.

ಗ್ಯಾಸಿನ ಗುಳಿಗೆಯೆಂದು ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗ್ಯಾಸಿನ ತಂಟೆಗೆ ಹೋಗುವುದಿಲ್ಲ, ಆಮ್ಲದ ಪಂಪನ್ನು ಬಂದ್ ಮಾಡುತ್ತವೆ. ಅದಕ್ಕೇ ಅವನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕು. ನಮ್ಮವರು ಭರ್ಜರಿ ಉಂಡು, ಎಲೆಅಡಿಕೆ ಹಾಕಿಕೊಂಡು, ಆಮೇಲೆ ನುಂಗುತ್ತಾರೆ. ಅದು ಹೋಗಲಿ. ಎದೆ ಬಿಗಿದು, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹಬ್ಬಿದಾಗಲೂ "ಗ್ಯಾಸ್ ಇರಬೇಕು ಬಿಡ್ರಿ" ಎಂದು ಸೋಡಾ ತರಿಸುವ ಚಾಳಿ ಇದೆಯಲ್ಲ, ಅದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಅದು ಹೃದಯಾಘಾತ ಇರಬಹುದು. ಸೋಡಾದ ಬಾಟಲಿ ಖಾಲಿಯಾಗುವಷ್ಟು ಹೊತ್ತಿನಲ್ಲಿ ಇಸಿಜಿ ತೆಗೆಸಬಹುದು.

ಹೊಟ್ಟೆ ಕಟ್ಟುವ ತಕರಾರು ಈಚಿನದು ಎಂದು ನಮ್ಮ ಅವ್ವ ಹೇಳುತ್ತಾಳೆ. ಹೊಣೆಯನ್ನು ಆಕೆ ಹಾಕುವುದು ಅನ್ನದ ಮೇಲೆ. ಅರ್ಧ ಸತ್ಯವಾದರೂ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಹಬ್ಬಕ್ಕೆ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. ನೂರು ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೊತೆಗೆ ಖಡಕ್ ರೊಟ್ಟಿ ಅಗಿಯದೆ ಒಳಗೆ ಹೋಗುವ ಪದಾರ್ಥವೇ ಅಲ್ಲ. ಮುರಿದು, ಪುಂಡಿಪಲ್ಯಕ್ಕೆ ಒತ್ತಿ, ದವಡೆ ದಣಿಯುವಂತೆ ಅಗಿದು, ಜೊಲ್ಲು ಬೆರೆತು ಸಿಹಿಯಾಗುವತನಕ ಬಾಯಲ್ಲೇ ಇರುತ್ತದೆ. ಪಿಷ್ಟ ಸಕ್ಕರೆಯಾಗುವ ಕೆಲಸ ಅಲ್ಲೇ ಶುರು. ಅನ್ನ-ಸಾರು ಮಾತಾಡುತ್ತಲೇ ಇಳಿದುಬಿಡುತ್ತದೆ. ಇದರ ಮೇಲೆ ನಮ್ಮ ಬಿಸಿಲು. ಕುಡಿದದ್ದು, ಜೊಲ್ಲು, ಪಿತ್ತ, ಉಳಿದ ರಸಗಳೆಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಹೊರಹೋಗುವುದು 100-200 ಮಿಲಿಲೀಟರ್ ಮಾತ್ರ, ಮಿಕ್ಕಿದ್ದನ್ನು ಕರುಳು ವಾಪಸು ಹೀರಿಕೊಳ್ಳುತ್ತದೆ. ಬಂದ ಕರೆಯನ್ನು "ಈಗ ಬ್ಯಾಡ, ಆಫೀಸ್ ಮುಗೀಲಿ" ಎಂದು ಮುಂದೂಡಿದಷ್ಟೂ ಹೀರುವುದು ನಡೆದೇ ಇರುತ್ತದೆ. ಗಟ್ಟಿಯಾಗದೆ ಇನ್ನೇನಾದೀತು?

ಕೊನೆಗೆ ಉಳಿದದ್ದು ಮಧ್ಯಾಹ್ನದ ನಿದ್ದೆ. ಬೇಸಿಗೆಯಲ್ಲಿ ಒಂದರಿಂದ ನಾಲ್ಕರವರೆಗೆ ನಮ್ಮ ಜಿಲ್ಲೆಯಲ್ಲಿ ನಾಯಿಗಳೂ ಬೊಗಳುವುದಿಲ್ಲ. ಅನ್ನನಾಳ ಜಠರಕ್ಕೆ ಕೂಡುವ ಜಾಗದಲ್ಲಿ ಒಂದು ಬಿಗಿಯಾದ ಸ್ನಾಯು ಇದೆ. ಹೊಟ್ಟೆ ಬಿರಿಯ ಉಂಡು ಅಂಗಾತ ಬಿದ್ದರೆ ಅದು ಸಡಿಲಾಗಿ, ಹುಳಿ ಮೇಲೆ ಹರಿದು ಎದೆ ಉರಿಯುತ್ತದೆ. ಎಡಮಗ್ಗುಲಾದರೆ ಜಠರದ ಜೋಳಿಗೆ ಆ ಬಾಯಿಗಿಂತ ಕೆಳಗುಳಿಯುತ್ತದೆ, ಹುಳಿಗೆ ಏರಲು ಕಷ್ಟ. ಉಂಡ ಮೇಲೆ ವಾಮಕುಕ್ಷಿ ಎನ್ನುವ ನಮ್ಮ ಹಳೆಯ ಪದ್ಧತಿಗೂ ಈ ಹೊಸ ವಿವರಣೆಗೂ ಜಗಳವಿಲ್ಲ.

ಜಗಳ ಇರುವುದು ನಮ್ಮ ಮನೆಯ ಕೂಲರಿನ ಜೊತೆಗೆ. ಅದು ಇರುವುದು ಪೂರ್ವದ ಕಿಟಕಿಗೆ. ದಕ್ಷಿಣಕ್ಕೆ ತಲೆಯಿಟ್ಟು ಎಡಮಗ್ಗುಲಾದರೆ ಗಾಳಿಯೆಲ್ಲ ಬೆನ್ನಿನ ಪಾಲು, ಮುಖದ ಮೇಲೆ ಬೆವರು. ತಲೆದಿಂಬನ್ನು ಕಾಲಿನ ಕಡೆಗೆ ಒಗೆದು ಮಲಗಿದರೆ ಗಾಳಿ ನೇರ ಮುಖಕ್ಕೆ, ಹುಳಿಯೂ ತನ್ನ ಜಾಗದಲ್ಲಿ. ಆದರೆ ಅವ್ವ ಬಾಗಿಲಲ್ಲೇ ನಿಂತಿರುತ್ತಾಳೆ: "ಉತ್ತರಕ್ಕ ತಲಿ ಹಾಕ್ತಿ ಏನೋ? ಎದ್ದೇಳು! ಎದಿ ಉರದ್ರ ಒಂದು ಗುಳಿಗಿ ತಗೊಂಡ್ರಾತು." ಕೂಲರನ್ನು ಪಶ್ಚಿಮಕ್ಕೆ ಸರಿಸೋಣವೆಂದರೆ ಆ ಕಡೆ ಪಕ್ಕದ ಮನೆಯವರ ಗೋಡೆ.