ಸ್ವಲ್ಪ ನಿಲ್ಲಿಸಿ

ದಿನಕ್ಕೆ ಕನಿಷ್ಠ ಮುನ್ನೂರು ಕಿಲೋಮೀಟರ್, ಅದನ್ನು ದಾಟಿದರೆ ಕಿಲೋಮೀಟರಿಗೆ ಇಷ್ಟು, ಏಸಿ ಹಾಕಿದರೆ ಅದರ ಮೇಲೆ ಇಷ್ಟು, ಡ್ರೈವರ್ ಬತ್ತಾ ಬೇರೆ, ರಾತ್ರಿ ಹತ್ತಾದರೆ ಇನ್ನೊಂದು ಬತ್ತಾ, ಊಟ ತಿಂಡಿ ನಿಮ್ಮದು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಹುಡುಗ ಕೊನೆಗೆ, "ಗಾಡಿ ಪೂರ್ತಿ ನಿಮ್ಮದೇ ಮೇಡಂ, ಎಲ್ಲಿ ನಿಲ್ಲಿಸಿ ಎನ್ನುತ್ತೀರೋ ಅಲ್ಲಿ ನಿಲ್ಲಿಸುತ್ತೇನೆ" ಎಂದ. ಉಳಿದ ಲೆಕ್ಕವನ್ನು ನಮ್ಮ ಯಜಮಾನರು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ನಾನು ಆ ಕೊನೆಯ ಮಾತಿಗೇ ಮುಂಗಡ ಕೊಟ್ಟೆ.

ಅದಕ್ಕೊಂದು ಹಳೆಯ ಕಾರಣವಿದೆ. ಎಂಟನೇ ತರಗತಿಯಲ್ಲಿದ್ದಾಗ ದಾವಣಗೆರೆಯಿಂದ ನಮ್ಮನ್ನು ಜೋಗಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಕೆಂಪು ಬಸ್ಸು, ಮೂರು ಜನರ ಸೀಟಿನಲ್ಲಿ ಐದು ಹುಡುಗಿಯರು. ಸಾಗರದ ಊರೊಳಗೆ ಒಂದು ಬೋರ್ಡು ಕಂಡಿತು: ಇಕ್ಕೇರಿ, ಪಕ್ಕದಲ್ಲೊಂದು ಬಾಣ. ಅದೇ ತಿಂಗಳು ಇತಿಹಾಸದ ಪಾಠದಲ್ಲಿ ಕೆಳದಿಯ ಅರಸರು ಬಂದು ಹೋಗಿದ್ದರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, 1639ರ ಹೊತ್ತಿಗೆ ಬಿದನೂರು ಎಂದು ರಾಜಧಾನಿ ಮನೆ ಬದಲಿಸುತ್ತಾ ಹೋದ ಕತೆ. ಟಂಕಸಾಲೆಯೂ ಬಿದನೂರಿಗೆ ಹೋಯಿತಂತೆ, ಆದರೆ ಅಲ್ಲಿ ಅಚ್ಚಾದ ನಾಣ್ಯವನ್ನು ಜನ ಇಕ್ಕೇರಿ ವರಹ ಎಂದೇ ಕರೆಯುತ್ತಿದ್ದರಂತೆ. ಊರು ಖಾಲಿಯಾದರೂ ಹೆಸರು ಮಾತ್ರ ಜನರ ಸೊಂಟದ ಚೀಲದಲ್ಲಿ ಓಡಾಡುತ್ತಿತ್ತು ಎಂಬುದು ನನಗೆ ಹೇಗೋ ಹಿಡಿಸಿಬಿಟ್ಟಿತ್ತು. ಎದ್ದು ನಿಂತು, "ಸಾರ್, ಇಕ್ಕೇರಿ, ಸ್ವಲ್ಪ ನಿಲ್ಲಿಸಿ" ಎಂದು ಕೂಗಿದೆ. ಮೇಷ್ಟ್ರು ತಿರುಗಿ ನೋಡಿ, "ಬೋರ್ಡು ನೋಡಿದೆಯಲ್ಲ, ಸಾಕು, ಕುಳಿತುಕೋ" ಎಂದರು. ಕಂಡಕ್ಟರ್ ಸೀಟಿ ಊದಿದ. ಬಸ್ಸಿನಲ್ಲಿ ನಿಲ್ಲಿಸುವ ಅಧಿಕಾರ ಸೀಟಿ ಇದ್ದವನದು.

ಈ ಕತೆಯನ್ನು ಮನೆಯಲ್ಲಿ ಹೇಳಿದಾಗ ಭಾವ ನಕ್ಕರು. ಹಳೆಯ ಊರೇ ನೋಡಬೇಕಾದರೆ ದುರ್ಗ ಇಲ್ಲೇ ಒಂದು ಗಂಟೆಯ ದಾರಿ, ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ, ಎಲ್ಲ ಇದ್ದಲ್ಲೇ ಇದೆ, ಇಕ್ಕೇರಿಯಲ್ಲಿ ಒಂದು ಗುಡಿ ಬಿಟ್ಟು ಏನಿದೆ ಎಂಬುದು ಅವರ ವಾದ. ಏನೂ ಇಲ್ಲ ಎಂಬುದನ್ನೇ ನೋಡಬೇಕು ಎಂದು ನಾನು ಹೇಳಿದ್ದರೆ ಇಡೀ ಮನೆ ನನ್ನ ಹಣೆ ಮುಟ್ಟಿ ನೋಡುತ್ತಿತ್ತು. ಆದ್ದರಿಂದ ಜೋಗದ ಬಾಲಕ್ಕೆ ಇಕ್ಕೇರಿಯನ್ನು ಕಟ್ಟಿದೆ. ಜೋಗ ಎಲ್ಲರದು, ಇಕ್ಕೇರಿ ನಿನ್ನದು ಎಂದು ತೀರ್ಮಾನವಾಯಿತು.

ಆಗಸ್ಟಿನ ಒಂದು ಭಾನುವಾರ ಬೆಳಗಿನ ಐದೂವರೆಗೆ ಹೊರಟೆವು. ಏಳು ಸೀಟಿನ ಗಾಡಿ, ಡ್ರೈವರ್ ಸೇರಿ ಎಂಟು ಜನ. ಚಪಾತಿ, ಶೇಂಗಾ ಚಟ್ನಿ, ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಜೊತೆಗೆ ದಾವಣಗೆರೆಯವರು ಊರು ಬಿಡುವಾಗ ಹೊರಲೇಬೇಕಾದ ಮಂಡಕ್ಕಿ ಚೀಲ. ಮಂಡಕ್ಕಿಗೆ ತೂಕವಿಲ್ಲ, ಆದರೆ ಅದು ಒಬ್ಬ ಮನುಷ್ಯನ ಜಾಗ ಹಿಡಿಯುತ್ತದೆ. ಊರು ದಾಟುವ ಮೊದಲೇ ಭಾವನ ಮಗ, "ಬೆಣ್ಣೆ ದೋಸೆ, ಸ್ವಲ್ಪ ನಿಲ್ಲಿಸಿ" ಎಂದ. ಆ ಹೊತ್ತಿಗೆ ಯಾವ ಹೋಟೆಲಿನ ಹಂಚೂ ಬಿಸಿಯಾಗಿರಲಿಲ್ಲ.

ಮುಂದಿನ 'ನಿಲ್ಲಿಸಿ' ಅತ್ತೆಯದು. ಹರಿಹರ ದಾಟಿ ಮಲೆಬೆನ್ನೂರು ಬರುತ್ತಿದ್ದಂತೆ ಅವರು ಸೆರಗು ಸರಿಮಾಡಿಕೊಂಡು, "ಐದೇ ನಿಮಿಷ, ತಮ್ಮನನ್ನು ಮಾತಾಡಿಸಿ ಬರುತ್ತೇನೆ" ಎಂದರು. ತವರು ಅಲ್ಲೇ ಹತ್ತಿರದ ಹಳ್ಳಿ. ಭದ್ರಾ ನಾಲೆಯ ಕೊನೆಯ ಭಾಗದ ಗದ್ದೆಗಳು ಅವು. ಮೇಲಿನವರ ಗದ್ದೆಗೆಲ್ಲ ಉಂಡು ಮಿಕ್ಕರೆ ನೀರು ಅಲ್ಲಿಗೆ ಬರುತ್ತದೆ. ನಮ್ಮ ಕಡೆ ಮನೆಯ ಯಜಮಾನರು ಬೆಳಗ್ಗೆ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಭದ್ರಾ ಜಲಾಶಯದ ಮಟ್ಟವನ್ನು. 186 ಅಡಿ ಮುಟ್ಟಿತೆಂದರೆ ಆ ದಿನ ಮನೆಯಲ್ಲಿ ಯಾರ ಮೇಲೂ ರೇಗುವುದಿಲ್ಲ. ಆವತ್ತು ಅತ್ತೆಯ ತಮ್ಮನೂ ರೇಗುವ ಸ್ಥಿತಿಯಲ್ಲಿರಲಿಲ್ಲ. ಉಪ್ಪಿಟ್ಟಾಯಿತು, ಚಹಾ ಆಯಿತು, ನಾಟಿ ಮಾಡಿದ ಗದ್ದೆಯನ್ನು ಎಲ್ಲರೂ ಹೋಗಿ ನೋಡಿದ್ದಾಯಿತು, ಅರಿಶಿನ ಕುಂಕುಮವಾಯಿತು. ಐದು ನಿಮಿಷ ಮುಗಿಯುವಾಗ ಐವತ್ತು ನಿಮಿಷವಾಗಿತ್ತು. ಗಾಡಿಗೆ ಒಂದು ಅಕ್ಕಿ ಮೂಟೆ, ಎರಡು ಕುಂಬಳಕಾಯಿ ಸೇರಿದ್ದವು. ಬರುವಾಗ ತೆಗೆದುಕೊಳ್ಳೋಣ ಎಂದರೆ ಕೇಳುವವರಿಲ್ಲ. ಆ ಅಕ್ಕಿ ನಮ್ಮೊಂದಿಗೆ ಜೋಗವನ್ನೂ ನೋಡಿತು, ಇಕ್ಕೇರಿಯನ್ನೂ ನೋಡಿತು.

ಹೊನ್ನಾಳಿ, ಶಿಕಾರಿಪುರ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಗಾಡಿಯೊಳಗಿಂದಲೇ ಕೈ ಮುಗಿದೆವು. ಹನುಮಂತ ತಪ್ಪು ತಿಳಿಯುವವನಲ್ಲ ಎಂದು ಅತ್ತೆಯೇ ಅಪ್ಪಣೆ ಕೊಟ್ಟರು.

ಆನಂದಪುರದ ಕಡೆ ತಿರುಗಿದ ಮೇಲೆ ಜೋಳದ ಹೊಲಗಳು ಹಿಂದೆ ಸರಿದು ಅಡಿಕೆ ತೋಟಗಳು ಬಂದವು. ಅಲ್ಲಿಂದ ಮುಂದೆ ನಾನು ಒಂದು ವಿಷಯ ಕಂಡುಕೊಂಡೆ. ನಿಲ್ಲಿಸಿ ಎಂದ ಜಾಗದಲ್ಲಿ ಯಾವ ಕಾರೂ ನಿಲ್ಲುವುದಿಲ್ಲ. ರಸ್ತೆಯ ಪಕ್ಕ ಒಂದು ಕೆರೆ, ತುಂಬ ಬಿಳಿ ತಾವರೆ. ಕಣ್ಣು ಕಂಡದ್ದು ಬಾಯಿಗೆ ಬರಬೇಕು, ಹಿಂದಿನ ಸೀಟಿನ ಮಾತು ಸಿನಿಮಾ ಹಾಡನ್ನು ದಾಟಿ ಮುಂದಿನ ಸೀಟಿಗೆ ಮುಟ್ಟಬೇಕು, ಡ್ರೈವರ್ "ಇಲ್ಲೇನಾ ಮೇಡಂ?" ಎಂದು ಕೇಳಬೇಕು, ನಮ್ಮವರು "ಏನಂತೆ?" ಎಂದು ಹಿಂದೆ ತಿರುಗಬೇಕು. ಅಷ್ಟರಲ್ಲಿ ಗಾಡಿ ಇನ್ನೂರು ಮೀಟರು ಮುಂದಿನ ಒಂದು ಪಂಕ್ಚರ್ ಅಂಗಡಿಯ ಎದುರು ನಿಂತಿರುತ್ತದೆ. ಹಿಂದಕ್ಕೆ ಹೋಗೋಣ ಎನ್ನಲು ಎಲ್ಲರಿಗೂ ಸಂಕೋಚ, ಇಳಿಯದೆ ಹೋಗೋಣ ಎನ್ನಲೂ ಸಂಕೋಚ, ನಿಲ್ಲಿಸಿ ಎಂದವರು ನಾವೇ ತಾನೆ? ಆದ್ದರಿಂದ ಇಳಿದು, ಆ ಪಂಕ್ಚರ್ ಅಂಗಡಿಯನ್ನು ಒಂದೆರಡು ನಿಮಿಷ ನೋಡಿ, ಮೈಮುರಿದು ಹತ್ತುತ್ತಿದ್ದೆವು. ಆವತ್ತು ನಾವು ಮಲೆನಾಡಿನಲ್ಲಿ ನೋಡಿದ್ದೆಲ್ಲ ನೋಡಬೇಕಾದದ್ದರಿಂದ ಇನ್ನೂರು ಮೀಟರು ಆಚೆ ಇದ್ದದ್ದು. ಒಂದು ಮೋರಿ ಕಟ್ಟೆ, ಒಂದು ಗ್ರಾಮ ಪಂಚಾಯಿತಿ ಫಲಕ, ಯಾರದೋ ಮನೆಯ ಅಂಗಳ. ಆ ಮನೆಯವರು ಪಾಪ, ಊಟಕ್ಕೆ ಬಂದವರೆಂದು ತಿಳಿದು ಒಳಗೆ ಕರೆದರು.

ಜೋಗಕ್ಕೆ ಹನ್ನೊಂದಕ್ಕೆ ಮುಟ್ಟಿದಾಗ ಜೋಗ ಇರಲಿಲ್ಲ. ಕಟಕಟೆಯ ಆಚೆ ಬರೀ ಬಿಳಿ. ಮಂಜಿನ ಒಳಗಿನಿಂದ ಗುಡುಗಿನಂಥ ಸದ್ದು ಮಾತ್ರ ಬರುತ್ತಿತ್ತು. ನೂರಾರು ಜನ ಆ ಬಿಳಿಗೋಡೆಗೆ ಮೊಬೈಲ್ ಹಿಡಿದು ಕಾಯುತ್ತಿದ್ದರು. ಭಾವನ ಮಗ ಅದೇ ಮೊಬೈಲಿನಲ್ಲಿ ಜಲಪಾತದ ಫೋಟೋ ತೆರೆದು ಅಜ್ಜಿಗೆ, "ಇದು ರಾಜ, ಇದು ರೋರರ್, ಇದು ರಾಕೆಟ್, ಇದು ರಾಣಿ, 253 ಮೀಟರು" ಎಂದು ಪಾಠ ಹೇಳಿದ. ಅತ್ತೆ ಫೋಟೋ ನೋಡಿ, ಎದುರಿನ ಮಂಜು ನೋಡಿ, "ಎಲ್ಲಿ, ಒಳಗಿದ್ದಾರಾ?" ಎಂದು ಕೇಳಿದರು, ಯಾರದೋ ಮನೆಯ ಬಾಗಿಲಲ್ಲಿ ನಿಂತವರ ಹಾಗೆ.

ಭಾವ ಬೇಜಾರಾಗಿ ಮೆಕ್ಕೆಜೋಳ ತರಲು ಹೋದರು. ಅವರು ಆ ಕಡೆ ಹೋದದ್ದೇ ತಡ, ಗಾಳಿ ಬೀಸಿ ಮಂಜು ಒಂದು ಮಗ್ಗುಲಾಯಿತು. ನಾಲ್ಕೂ ಒಟ್ಟಿಗೆ ಕಂಡವು. ಜನ ಹೋ ಎಂದರು. ರಾಜ ಮೇಲಿಂದ ನೇರವಾಗಿ ಬೀಳುತ್ತಿದ್ದ, ರಾಣಿ ಬಂಡೆಯ ಮೈಸವರಿಕೊಂಡು ಇಳಿಯುತ್ತಿದ್ದಳು. ಒಂದೂವರೆ ನಿಮಿಷ ಇದ್ದಿರಬಹುದು, ಮತ್ತೆ ಪರದೆ. ಭಾವ ನಾಲ್ಕು ಜೋಳದ ತೆನೆಗಳೊಂದಿಗೆ ಬಂದು "ಏನಾಯಿತು?" ಎಂದರು. ಅವರು ಈಗಲೂ ನಮ್ಮ ಮಾತನ್ನು ಪೂರ್ತಿ ನಂಬಿಲ್ಲ.

ಜೋಗ ನೋಡಿದ ವಿಶ್ವೇಶ್ವರಯ್ಯನವರು ಎಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆ ಎಂದು ಉದ್ಗರಿಸಿದರು ಎಂಬ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ನಮ್ಮತ್ತೆ ಆ ಕತೆ ಕೇಳಿದವರಲ್ಲ. ಆದರೂ ಮಂಜು ಮುಚ್ಚಿದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ಇದರಲ್ಲಿ ಒಂದು ಪಾಲು ನಮ್ಮ ತಮ್ಮನ ತೂಬಿಗೆ ಬಿಟ್ಟಿದ್ದರೆ" ಎಂಬುದೇ. ಇಲ್ಲಿಯೂ ನೀರು ಯಾರದೋ ಅಪ್ಪಣೆಯ ಮೇಲೆಯೇ ಬೀಳುವುದು ಎಂದು ಅವರಿಗೆ ವಿವರಿಸಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ಬಹುಪಾಲು ನೀರು ತಳಕಳಲೆಯ ದಾರಿ ಹಿಡಿದು ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಆಸುಪಾಸಿನ ಹಳ್ಳಗಳು ತುಂಬಿ ಬಂದಾಗ, ಅಥವಾ ಜಲಾಶಯ 1819 ಅಡಿಗೆ ಮುಟ್ಟಿ ಗೇಟು ತೆಗೆದಾಗ ಜೋಗಕ್ಕೆ ಜೋರು. ಬೇಸಿಗೆಯಲ್ಲಿ ಬಂದರೆ ರಾಜನೂ ಒಂದು ದಾರದ ಎಳೆ. ಅತ್ತೆ ಎಲ್ಲ ಕೇಳಿ, "ಹಾಗಾದರೆ ಇದೂ ಕೊನೆಯ ಭಾಗವೇ ಅನ್ನು" ಎಂದರು. ಮೇಲಿನವರು ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಆ ಮೇಲೆ ಅವರಿಗೆ ಜೋಗದ ಮೇಲೆ ಒಂದು ರೀತಿಯ ನೆಂಟಸ್ತಿಕೆ ಬಂದಿತು. ಹೊರಡುವಾಗ ಕಟಕಟೆಗೆ ಕೈ ಮುಗಿದರು.

ಇಕ್ಕೇರಿಗೆ ಹೋಗುವಷ್ಟರಲ್ಲಿ ನಾಲ್ಕೂವರೆ. ಸಾಗರದಲ್ಲಿ ಬಾಣದ ಬೋರ್ಡು ಈಗ ಹೊಸದು. ಈ ಸಲ ನಾನು ಇನ್ನೂರು ಮೀಟರು ಮೊದಲೇ "ನಿಲ್ಲಿಸಿ" ಎಂದೆ, ಗಾಡಿ ಸರಿಯಾಗಿ ಬೋರ್ಡಿನ ಕೆಳಗೆ ನಿಂತಿತು. "ಇಲ್ಲಿ ಏನಿದೆ ಮೇಡಂ?" ಎಂದ ಡ್ರೈವರ್. ಏನಿಲ್ಲ, ಬಲಕ್ಕೋ ಎಡಕ್ಕೋ ನೋಡಬೇಕಾಗಿತ್ತು ಎಂದೆ.

ಊರೆಂದರೆ ಅಡಿಕೆ ತೋಟ, ಕೆಲವು ಮನೆ, ಒಣಗಲು ಹಾಕಿದ ಬಟ್ಟೆ, ದನದ ಕೊಟ್ಟಿಗೆ. ರಾಜಧಾನಿ ಎಂಬುದಕ್ಕೆ ಸಾಕ್ಷಿಯಾಗಿ ಅಘೋರೇಶ್ವರ ದೇವಸ್ಥಾನ ಒಂದೇ, ಅದರ ಎದುರು ಕಮಾನುಗಳ ಮಂಟಪದಲ್ಲಿ ಕುಳಿತ ಭಾರೀ ನಂದಿ. ಕಲ್ಲು ಮಳೆಯಲ್ಲಿ ನೆನೆದು ಕಪ್ಪಾಗಿತ್ತು. ಒಳಗೆ ಹೋದರೆ ಗರ್ಭಗುಡಿಯ ಮುಂದಿನ ನೆಲದಲ್ಲೇ ಕೆಳದಿಯ ಅರಸರು ಕೈ ಮುಗಿದಂತೆ ಕೆತ್ತಿದ್ದಾರೆ. ದೇವರನ್ನು ನೋಡಲು ಹೋಗುವವರೆಲ್ಲ ಅರಸರನ್ನು ತುಳಿದೇ ಹೋಗಬೇಕು. ಅದು ಅವರೇ ಬೇಡಿಕೊಂಡ ಜಾಗ. ನಮ್ಮ ಊರುಗಳಲ್ಲಿ ಬಸ್ ತಂಗುದಾಣದ ಮೇಲೆ ದಾನಿಗಳ ಹೆಸರು ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ನೆನೆದು ನಾನು ಸ್ವಲ್ಪ ಬದಿಗೆ ಸರಿದು ನಡೆದೆ.

ಭಾವನಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಈ ದೇವಸ್ಥಾನದ ನಡುಗಂಬಗಳ ನಡುವಿನ ಅಂತರವೇ ಹಿಂದೆ ತೋಟದ ಜಮೀನಿಗೆ ಅಳತೆಗೋಲಾಗಿತ್ತು. 18 ಅಡಿ 6 ಅಂಗುಲದ ಆ ಉದ್ದಕ್ಕೆ ದಾಯ ಎಂದು ಹೆಸರು. ಅಡಿಕೆ ಮರಗಳ ಲೆಕ್ಕ, ಕಂದಾಯದ ಲೆಕ್ಕ ಎಲ್ಲ ಅದರ ಮೇಲೆ. ಅಳತೆಯಲ್ಲಿ ಮೋಸವಾಯಿತು ಎನ್ನುವ ರೈತ ದೇವಸ್ಥಾನಕ್ಕೆ ಬಂದು ಕಂಬವನ್ನೇ ಕೇಳಬಹುದಿತ್ತು. ಇದನ್ನು ಹೇಳಿದ್ದೇ ತಡ, ಭಾವ ಬರಿಗಾಲಿನಲ್ಲಿ ಪಾದಕ್ಕೆ ಪಾದ ಹಚ್ಚಿ ಕಂಬದಿಂದ ಕಂಬಕ್ಕೆ ಅಳೆಯತೊಡಗಿದರು. ಇಪ್ಪತ್ತೆರಡು ಬಂತು. ಮತ್ತೆ ಅಳೆದರು, ಇಪ್ಪತ್ತೆರಡೂವರೆ. ತಮ್ಮ ಪಾದ ಒಂದು ಅಡಿಗಿಂತ ಚಿಕ್ಕದು ಎಂದು ಒಪ್ಪುವುದಕ್ಕಿಂತ ಕೆಳದಿಯ ಅರಸರ ಲೆಕ್ಕ ತಪ್ಪು ಎನ್ನುವುದು ಅವರಿಗೆ ಸುಲಭವಾಯಿತು. ದುರ್ಗದ ವಿಷಯವನ್ನು ಮಾತ್ರ ಆಮೇಲೆ ಎತ್ತಲಿಲ್ಲ.

ಐದೂಮುಕ್ಕಾಲಿಗೆ ಡ್ರೈವರ್ ಹಾರ್ನ್ ಒತ್ತಿದ. ಇನ್ನು ಹತ್ತು ನಿಮಿಷ ಎನ್ನಬಹುದಿತ್ತು, ಗಾಡಿ ನಮ್ಮದೇ. ಆದರೆ ನಮ್ಮವರ ಜೇಬಿನಲ್ಲಿದ್ದ ಕ್ಯಾಲೆಂಡರಿನ ಹಾಳೆ ಹತ್ತು ಗಂಟೆಯ ಬತ್ತಾವನ್ನು ನೆನಪಿಸುತ್ತಿತ್ತು.

ಕತ್ತಲಾದ ಮೇಲೆ ದಾರಿಯಲ್ಲಿ ನಿಲ್ಲಿಸಲು ಏನೂ ಕಾಣುವುದಿಲ್ಲ. ಆಗ ಮಾತು ಶುರುವಾಗುತ್ತದೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿ ಗೇರುಸೊಪ್ಪೆಯ ಘಟ್ಟ ಹತ್ತಿ ಇದೇ ಇಕ್ಕೇರಿಗೆ ಬಂದಿದ್ದ ಎಂದು ಹೇಳಿದೆ. ವೆಂಕಟಪ್ಪ ನಾಯಕನ ಕಾಲ, ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಬಂದವನು. ಸಂಜೆ ಬೀದಿಯಲ್ಲಿ ರೇಷ್ಮೆ ಉಟ್ಟು, ಹೂ ಮುಡಿದ ಹುಡುಗಿಯರ ಗುಂಪುಗಳು ಬಣ್ಣದ ಕೋಲು ಹಿಡಿದು, ತಾಳಕ್ಕೆ ಸರಿಯಾಗಿ ಬಡಿಯುತ್ತಾ, ಸುತ್ತು ತಿರುಗುತ್ತಾ ಹಾಡಿದ್ದನ್ನು ಅವನು ಬರೆದಿಟ್ಟಿದ್ದಾನೆ. ಹಾಡಿನ ಕೊನೆಗೆಲ್ಲ ಅವರು 'ಕೋಲೆ, ಕೋಲೆ, ಕೋಲೆ' ಎನ್ನುತ್ತಿದ್ದರಂತೆ. ಪದದ ಅರ್ಥ ಅವನಿಗೆ ತಿಳಿಯಲಿಲ್ಲ, ಸಂತೋಷದ ಕೂಗು ಇರಬೇಕು ಎಂದುಕೊಂಡ.

"ಅಯ್ಯೋ ಪಾಪ, ಒಬ್ಬರಾದರೂ ಹೇಳಬಾರದಿತ್ತೇ" ಎಂದು ಅತ್ತೆ ಮರುಗಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಂಬಳಕಾಯಿಯ ಮೇಲೆ ಕೈಯಿಟ್ಟು ತಾಳ ಹಾಕುತ್ತಾ ತಾವೇ ಒಂದು ಕೋಲಾಟದ ಪದ ಎತ್ತಿದರು. ಡ್ರೈವರ್ ಸಿನಿಮಾ ಹಾಡು ನಿಲ್ಲಿಸಿದ. ಎರಡು ಸೊಲ್ಲು ಸೊಗಸಾಗಿ ಬಂತು. ಮೂರನೆಯದಕ್ಕೆ ಅತ್ತೆ ತಡವರಿಸಿದರು. ಮತ್ತೆ ಮೊದಲಿನಿಂದ ಹಾಡಿದರು, ಮತ್ತೆ ಅಲ್ಲೇ ನಿಂತರು. ಶಿಕಾರಿಪುರ ಹೋಯಿತು, ಹೊನ್ನಾಳಿ ಹೋಯಿತು, ಮೂರನೇ ಸೊಲ್ಲು ಬರಲಿಲ್ಲ. ಮಲೆಬೆನ್ನೂರಿನಲ್ಲಿ ತಮ್ಮನ ಹೆಂಡತಿಯನ್ನು ಕೇಳಿಬಿಡುತ್ತೇನೆ ಎಂದಾಗ ಎಲ್ಲರೂ ಒಟ್ಟಾಗಿ ಬೇಡವೆಂದೆವು.

ಹರಿಹರದ ಹೊರಗೆ ಗಾಡಿ ತಾನಾಗಿ ಬದಿಗೆ ಸರಿದು ನಿಂತಿತು. ಇಡೀ ದಿನದಲ್ಲಿ ಯಾರೂ ಹೇಳದೆ ನಿಂತದ್ದು ಅದೊಂದೇ ಸಲ. ಏನಪ್ಪಾ ಎಂದರೆ, "ಅಜ್ಜಿ, ಆ ಪದ ನಮ್ಮಜ್ಜಿಗೆ ಪೂರ್ತಿ ಬರುತ್ತದೆ, ಕೇಳಿಕೊಡುತ್ತೇನೆ ಇರಿ" ಎಂದು ಫೋನು ತೆಗೆದ. ಆ ಅಜ್ಜಿ ಮಲಗಿದ್ದರು. ಎಬ್ಬಿಸಿದರು. ನಮ್ಮತ್ತೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪದದ ಮಾತೆತ್ತುವ ಮೊದಲು, "ನಿಮ್ಮ ತವರು ಯಾವ ಊರಾಯಿತು ತಾಯೀ?" ಎಂದು ಶುರುಮಾಡಿದರು. ದಾವಣಗೆರೆ ಇನ್ನೂ ಹದಿನಾಲ್ಕು ಕಿಲೋಮೀಟರಿತ್ತು. ನಮ್ಮವರು ಗಡಿಯಾರ ನೋಡಿಕೊಂಡರು. ಹತ್ತಕ್ಕೆ ಮೂವತ್ತೈದು ನಿಮಿಷ.